ಮಡಿಕೇರಿಯ ಸಿನಿಮಾ ಕೋಣೆಯಲ್ಲಿ ಕ್ರಿಸ್ಟಿನಾ ಯಾಂದಾ

ಮಡಿಕೇರಿ ಹೊರಗಿನ ಹೋಂಸ್ಟೇಯೊಂದು ಹಳೇ ಕಾಫಿ ಗೋದಾಮನ್ನು ಇಪ್ಪತ್ತೆರಡು ಕುರ್ಚಿಯ ಸಿನಿಮಾ ಕೋಣೆ ಮಾಡಿಕೊಂಡು, ವಾರಾಂತ್ಯಕ್ಕೆ ಒಬ್ಬರೇ ಕಲಾವಿದರ ನಾಲ್ಕು ಚಿತ್ರ ತೋರಿಸುತ್ತಿದೆ. ತಲೆಗೆ 900 ರೂಪಾಯಿ. ಈ ಸಲದ್ದು ಪೋಲೆಂಡಿನ ನಟಿ ಕ್ರಿಸ್ಟಿನಾ ಯಾಂದಾ. ಆಯ್ಕೆಗೆ ಪೂರ್ತಿ ಅಂಕ, ಪ್ರೊಜೆಕ್ಟರ್ ನಡೆಸುವ ಕೈಗೆ ಅರ್ಧ.

ಶುರುವಾಗುವುದು ನಿರ್ದೇಶಕ ಆಂದ್ರೆಯ್ ವೈದಾ ಅವರ 'ಮ್ಯಾನ್ ಆಫ್ ಮಾರ್ಬಲ್'ನಿಂದ. 1975ರಲ್ಲಿ ವಾರ್ಸಾದ ನಾಟಕಶಾಲೆ ಮುಗಿಸಿ ಬಂದ ಯಾಂದಾ ಇಲ್ಲಿ ಡಿಪ್ಲೊಮಾ ಚಿತ್ರಕ್ಕಾಗಿ, ಎಲ್ಲರೂ ಮರೆತ ಗಾರೆ ಕೆಲಸದವನೊಬ್ಬನ ಜಾಡು ಹಿಡಿದು ಹೊರಟ ಹುಡುಗಿ. ಡೆನಿಮ್ ಉಡುಪು, ಕೈಯಲ್ಲಿ ಸಿಗರೇಟು, ದಾಪುಗಾಲು. ಟಿ.ವಿ. ಕಚೇರಿಯ ಉದ್ದನೆಯ ಕಾರಿಡಾರಿನಲ್ಲಿ ಆಕೆ ನಡೆಯುವುದನ್ನು ನೋಡಿದರೆ ಸಾಕು, ಅರ್ಧ ಪಾತ್ರ ತಿಳಿದುಬಿಡುತ್ತದೆ.

ಉಳಿದರ್ಧ ದನಿಯಲ್ಲಿದೆ, ಕೋಣೆ ಎಡವುವುದೂ ಅಲ್ಲೇ. ಹಾಕಿದ್ದು ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಓಡುವ ಯುರೋಪಿನ ಹಳೇ ಡಿಸ್ಕು. 24 ಫ್ರೇಮಿನಲ್ಲಿ ತೆಗೆದ ಚಿತ್ರ ಅದರಲ್ಲಿ ಶೇ. 4ರಷ್ಟು ಬೇಗ ಓಡುತ್ತದೆ, ದನಿ ತುಸು ಏರಿ ತೆಳುವಾಗುತ್ತದೆ. 24 ಫ್ರೇಮಿಗೆ ಹೊಂದಿಸಿದ, ಬೇರೆಡೆಯಿಂದ ತಂದ ಸಬ್‌ಟೈಟಲ್ ಮೊದಲು ಸರಿಯಿದ್ದು, ಗಂಟೆಯಾಗುವಷ್ಟರಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳುತ್ತದೆ. ರಿಮೋಟಿನಲ್ಲಿ ಹಿಂದೆ ಮುಂದೆ ಮಾಡಿದರೆ ಐದು ನಿಮಿಷ ಹೊಂದುತ್ತದೆ, ಆಮೇಲೆ ಮತ್ತದೇ ಕಥೆ. ಸಬ್‌ಟೈಟಲ್ ಫೈಲನ್ನೇ 25 ಫ್ರೇಮಿಗೆ ಬದಲಿಸಿಟ್ಟುಕೊಳ್ಳಬೇಕು.

'ಡೆಕಲಾಗ್ 2' ನಿರ್ದೇಶಕ ಕೀಶ್ಲೋವ್ಸ್ಕಿ ಟಿ.ವಿ.ಗೆಂದು ಮಾಡಿದ್ದು, ಚೌಕಟ್ಟಿನ ಅಗಲ-ಎತ್ತರ 4:3. ಪ್ರೊಜೆಕ್ಟರ್ ಅದನ್ನು 16:9ಕ್ಕೆ ಎಳೆದಿತ್ತು. ಗಂಡ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದಾನೆ, ಹೊಟ್ಟೆಯಲ್ಲಿರುವುದು ಇನ್ನೊಬ್ಬನ ಮಗು. ದೊರೋತಾ (ಯಾಂದಾ) ಕಿಟಕಿಯ ಬಳಿಯ ಗಿಡದ ಎಲೆಗಳನ್ನು ಒಂದೊಂದಾಗಿ ಕಿತ್ತು, ಬೋಳು ಕಾಂಡವನ್ನು ಬಗ್ಗಿಸುತ್ತಾಳೆ. ಮಾತಿಲ್ಲ, ಬರೀ ಬೆರಳು ಮತ್ತು ಮುಖ. ಆ ಮುಖವೇ ಅಕ್ಕಿ ರೊಟ್ಟಿಯ ಹಾಗೆ ಅಗಲವಾದರೆ ನೋಡುವುದೇನು? ರಿಮೋಟಿನ ಒಂದು ಬಟನ್ನಿನ ಕೆಲಸ.

'ಇಂಟರಾಗೇಷನ್'ಗೆ ಅಡ್ಡಿ ಮಾಡಿದ್ದು ಚಾವಣಿ. 1982ರಲ್ಲಿ ತಯಾರಾಗಿ, ನಿಷೇಧಕ್ಕೊಳಗಾಗಿ, ಕದ್ದುಮುಚ್ಚಿ ವಿಡಿಯೊ ಕ್ಯಾಸೆಟ್ಟಿನಲ್ಲೇ ಓಡಾಡಿದ ಚಿತ್ರವಿದು. ತೆರೆ ಕಂಡದ್ದು 1989ರಲ್ಲಿ, ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಯಾಂದಾಗೆ ಶ್ರೇಷ್ಠ ನಟಿ ಪ್ರಶಸ್ತಿ. ಸೆರೆಯಾದ ಗಾಯಕಿಯನ್ನು (ಯಾಂದಾ) ನೀರು ಏರುವ ಕೋಣೆಯಲ್ಲಿ ಕೂಡಿಹಾಕುವ ದೃಶ್ಯವೊಂದಿದೆ. ಶೀಟಿನ ಮೇಲೆ ಬಡಿಯುವ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆ ಹೊಂದುವುದು ಆ ಒಂದು ದೃಶ್ಯಕ್ಕೆ ಮಾತ್ರ. ಉಳಿದೆಡೆ ಆಕೆಯ ಗೊಣಗು, ಪಿಸುಮಾತು ಎಲ್ಲ ಮಳೆಪಾಲು. ಸ್ಪೀಕರ್ ಜೋರು ಮಾಡಿದ್ದರಿಂದ ಕಿರುಚಾಟ ಕಿವಿಗೆ ಚುಚ್ಚಿತು, ಪಿಸುಮಾತು ಆಗಲೂ ಕೇಳಲಿಲ್ಲ. ಶೀಟಿನ ಕೆಳಗೆ ಸೀಲಿಂಗ್ ಹಾಕಿಸದೆ ಇದಕ್ಕೆ ಬೇರೆ ಮದ್ದಿಲ್ಲ.

ಕರೆಂಟು ಎರಡು ಸಲ ಹೋಯಿತು, ಯುಪಿಎಸ್ ಹಿಡಿದುಕೊಂಡಿತು. ಅದಿಲ್ಲದಿದ್ದರೆ ಪ್ರೊಜೆಕ್ಟರಿನ ಕಾದ ಬಲ್ಬಿಗೆ ಫ್ಯಾನಿನ ಗಾಳಿ ನಿಂತು, ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ. ಇಲ್ಲಿ ಶಹಬ್ಬಾಸ್ ಅನ್ನಲೇಬೇಕು.

ದೊಡ್ಡ ತಕರಾರು ಚಿತ್ರಗಳ ಕ್ರಮದ ಬಗ್ಗೆ. 2009ರ 'ಸ್ವೀಟ್ ರಶ್' ಅನ್ನು ಶನಿವಾರ ರಾತ್ರಿಯೇ ಮುಗಿಸಿ, ಭಾನುವಾರಕ್ಕೆ 'ಡೆಕಲಾಗ್ 2' ಇಟ್ಟಿದ್ದರು. 'ಮ್ಯಾನ್ ಆಫ್ ಮಾರ್ಬಲ್', 'ಡೆಕಲಾಗ್ 2' ಎರಡಕ್ಕೂ ಕ್ಯಾಮೆರಾ ಹಿಡಿದ ಎದ್ವಾರ್ದ್ ಕ್ವೊಶಿನ್‌ಸ್ಕಿ ಯಾಂದಾ ಅವರ ಪತಿ, ತೀರಿಕೊಂಡದ್ದು 2008ರಲ್ಲಿ. 'ಸ್ವೀಟ್ ರಶ್'ನಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಆಕೆ ಪತಿಯ ಕೊನೆಯ ದಿನಗಳನ್ನು ಹೇಳುತ್ತಾರೆ, ಕ್ಯಾಮೆರಾ ಅಲುಗುವುದಿಲ್ಲ. ಪತಿಯ ಕ್ಯಾಮೆರಾ ಕಣ್ಣು ಆಕೆಯನ್ನು ಹೇಗೆ ನೋಡಿತ್ತೆಂದು ಮೊದಲೇ ಕಂಡವರಿಗೆ ಈ ನಿಶ್ಚಲ ಚೌಕಟ್ಟು ತಟ್ಟುವ ಬಗೆಯೇ ಬೇರೆ.

ರಂಗಭೂಮಿಯ ಪಾಲಿಗೆ ಸಿಕ್ಕಿದ್ದು ಒಂದು ಹಾಳೆಯ ಟಿಪ್ಪಣಿ. 2005ರಲ್ಲಿ ವಾರ್ಸಾದ ಹಳೇ ಚಿತ್ರಮಂದಿರವೊಂದನ್ನು ಯಾಂದಾ 'ಪೊಲೋನಿಯಾ' ರಂಗಮಂದಿರ ಮಾಡಿದರು. (ನಮ್ಮ ಕಡೆ ಟಾಕೀಸು ಮುಚ್ಚಿದರೆ ಕಲ್ಯಾಣಮಂಟಪ.) 'ಶರ್ಲಿ ವ್ಯಾಲೆಂಟೈನ್' ಏಕವ್ಯಕ್ತಿ ಪ್ರದರ್ಶನವನ್ನು 1990ರಿಂದ ದಶಕಗಟ್ಟಲೆ ಆಡಿದವರು ಅವರು. ಅಂಥವರ ನಾಟಕದ ತುಣುಕೊಂದನ್ನೂ ತೋರಿಸದೆ ಕರಪತ್ರದಲ್ಲಿ 'ರಂಗ ಮತ್ತು ತೆರೆ' ಎಂದು ಅಚ್ಚು ಹಾಕಿಸಬಾರದಿತ್ತು.

ಬೆಲ್ಲದ ಕಾಫಿ ಚೆನ್ನಾಗಿದೆ, ಎರಡನೇ ಲೋಟಕ್ಕೂ ದುಡ್ಡಿಲ್ಲ. ಹೋಗುವುದಾದರೆ ಡಿಸೆಂಬರ್ ನಂತರ ಹೋಗಿ. ಹಿಂದಿನ ಸಾಲು ಬೇಡ, ಪ್ರೊಜೆಕ್ಟರ್ ಫ್ಯಾನಿನ ಸದ್ದು ನೇರ ತಲೆಯ ಮೇಲಿರುತ್ತದೆ.