ಒಂದು ಕ್ರೇಟ್ ಟೊಮೆಟೊ: ಬಿಸಿಲು, ಫ್ರೀಜರ್, ತೊಕ್ಕು

ರಾಣೆಬೆನ್ನೂರಿನ ಸಮೀಪ ಹೊಲವಿರುವ ನಮ್ಮ ಸೋದರಮಾವ ಕಳೆದ ಫೆಬ್ರುವರಿಯಲ್ಲಿ ಧಾರವಾಡದ ನಮ್ಮ ಮನೆಗೆ ಒಂದು ಕ್ರೇಟ್ ಟೊಮೆಟೊ ಕಳುಹಿಸಿದರು. ಹಣ್ಣು ಬಿಡಿಸುವ ಕೂಲಿ ಮತ್ತು ಮಾರುಕಟ್ಟೆಗೆ ಒಯ್ಯುವ ಬಾಡಿಗೆ ಸೇರಿ ಮಾರಿದ ಹಣವನ್ನೇ ನುಂಗುವಷ್ಟು ದರ ಇಳಿದಿದ್ದರಿಂದ, ಉಳಿದ ಬೆಳೆಯನ್ನು ಹೊಲದಲ್ಲೇ ಕೊಳೆಯಲು ಬಿಡುವ ಬದಲು ಅವರು ಬೀಗರಿಗೂ ನೆಂಟರಿಗೂ ಹಂಚುತ್ತಿದ್ದರು. ಇದೇ ಹಣ್ಣು ಮಳೆಗಾಲದಲ್ಲಿ ಎಷ್ಟು ದುಬಾರಿಯಾಗಬಲ್ಲದು ಎಂಬುದು 2023ರ ಜುಲೈಯಲ್ಲಿ ಕೆ.ಜಿ.ಗೆ 100 ರೂಪಾಯಿಗೂ ಮಿಕ್ಕಿ ಕೊಟ್ಟ ಎಲ್ಲರಿಗೂ ನೆನಪಿದೆ. ಆದ್ದರಿಂದ ಫೆಬ್ರುವರಿಯ ಹಣ್ಣನ್ನು ಜುಲೈವರೆಗೆ ಯಾವ ವಿಧಾನ ತಲುಪಿಸುತ್ತದೆ ಎಂಬುದನ್ನೇ ಅಳತೆಗೋಲಾಗಿಟ್ಟುಕೊಂಡು, ತಲಾ 6 ಕೆ.ಜಿ.ಯ ಮೂರು ಪಾಲು ಮಾಡಿ ಮೂರು ಬಗೆಯಲ್ಲಿ ಕಾಪಿಟ್ಟು ನೋಡಿದೆ.

ಪಾಲು ಮಾಡುವ ಮುನ್ನ ಹಣ್ಣು ಆರಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಬರೀ ಮೆತ್ತಗಾದ ಅಥವಾ ಆಗತಾನೇ ಸಿಪ್ಪೆ ಸೀಳಿದ ಹಣ್ಣನ್ನು ಬೇಯಿಸಿ ತಿನ್ನಲು ಅಡ್ಡಿಯಿಲ್ಲ. ಬೂಷ್ಟು ಹತ್ತಿದ ಹಣ್ಣನ್ನು ಮಾತ್ರ ಆ ಭಾಗ ಕೊಯ್ದು ಬಳಸಬಾರದು, ಏಕೆಂದರೆ ನೀರಿನಂಶ ಹೆಚ್ಚಿರುವ ಮೆತ್ತನೆಯ ಹಣ್ಣಿನಲ್ಲಿ ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ. ಅಂಥ ಐದು ಹಣ್ಣುಗಳು ಗೊಬ್ಬರದ ಗುಂಡಿಗೆ ಹೋದವು.

ಮೊದಲ ಪಾಲನ್ನು ಬಿಸಿಲಿಗೆ ಇಟ್ಟೆ. ಚವಳಿಕಾಯಿ ಬಾಳಕವನ್ನೂ ಸಂಡಿಗೆಯನ್ನೂ ಮಾಳಿಗೆಯ ಮೇಲೆ ಒಣಗಿಸುವ ನಮ್ಮ ಕಡೆಯವರಿಗೆ ಇದು ಹೊಸ ವಿದ್ಯೆಯಲ್ಲ. ಆದರೂ ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ನೀರೇ ಇರುವುದರಿಂದ ಅದು ಚವಳಿಕಾಯಿಗಿಂತ ಹೆಚ್ಚು ಸತಾಯಿಸುತ್ತದೆ. ಗಟ್ಟಿ ಹಣ್ಣುಗಳನ್ನು ನಾಲ್ಕು ಹೋಳು ಮಾಡಿ, ಉಪ್ಪು ಸವರಿ, ಕೊಯ್ದ ಮುಖ ಮೇಲೆ ಬರುವಂತೆ ಹರಡಿ, ನೊಣ ಕೂರದಂತೆ ತೆಳು ಬಟ್ಟೆ ಮುಚ್ಚಿದೆ. ಮೊದಲು ಹಳೆಯ ಸೀರೆಯ ಮೇಲೆ ಹರಡಿದ್ದು ತಪ್ಪಾಯಿತು. ರಸ ಇಳಿದು ಹೋಳುಗಳು ಬಟ್ಟೆಗೆ ಅಂಟಿಕೊಂಡವು, ಎಲ್ಲವನ್ನೂ ಬಿಡಿಸಿ ಸ್ಟೀಲ್ ತಟ್ಟೆಗಳಿಗೆ ವರ್ಗಾಯಿಸಬೇಕಾಯಿತು. ರಾತ್ರಿ ಒಳಗೆ, ಹಗಲು ಹೊರಗೆ ಎಂದು ಐದು ದಿನ ನಡೆಸಿದ ಮೇಲೆ ಹೋಳುಗಳು ಒಣದ್ರಾಕ್ಷಿಯ ಹದಕ್ಕಿಂತ ತುಸು ಗಟ್ಟಿಯಾದವು. 6 ಕೆ.ಜಿ. ಹಣ್ಣಿಗೆ ದೊರೆತದ್ದು 430 ಗ್ರಾಂ. ಕೈಯಲ್ಲಿ ಹಿಡಿದಾಗ ಇಷ್ಟೇಯೇ ಎಂದು ಬೇಸರವಾಯಿತಾದರೂ, ನಾಲ್ಕು ಹೋಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ತೊಗರಿಬೇಳೆಗೆ ಹಾಕಿದಾಗ ಬಂದ ಒತ್ತಾದ ಹುಳಿ ಮತ್ತು ಸಿಹಿ ತಾಜಾ ಹಣ್ಣಿನಲ್ಲಿಯೂ ಇರುವುದಿಲ್ಲ. ಬದನೆಕಾಯಿ ಎಣಗಾಯಿಯ ಮಸಾಲೆಗೆ ಶೇಂಗಾ, ಗುರೆಳ್ಳಿನ ಜೊತೆ ಇದನ್ನೂ ರುಬ್ಬಿದರೆ ಹುಣಸೆ ಬೇಕೆನಿಸುವುದಿಲ್ಲ.

ಎರಡನೆಯ ಪಾಲು ಫ್ರೀಜರಿಗೆ ಹೋಯಿತು. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಸಿಪ್ಪೆ ಸುಲಿದು, ರುಬ್ಬಿ, ಡಬ್ಬಿಗಳಲ್ಲಿ ತುಂಬಿದೆ. ಶ್ರಮ ಕಡಿಮೆ, ಬಣ್ಣವೂ ಚೆಲುವಾಗಿ ಉಳಿಯುತ್ತದೆ. ಆದರೆ ನಮ್ಮ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಮೂರು ಕೆ.ಜಿ.ಗಿಂತ ಹೆಚ್ಚು ಹಿಡಿಯಲಿಲ್ಲ, ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಹೆಪ್ಪುಗಟ್ಟಿ ಕರಗಿದ ರಸದಿಂದ ನೀರು ಬೇರ್ಪಡುವುದರಿಂದ ಅದು ಸಾರಿಗೆ ಮಾತ್ರ ಸರಿ, ಗೊಜ್ಜಿಗೆ ತೆಳುವಾಯಿತು. ಏಪ್ರಿಲ್‌ನಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಕರೆಂಟು ಹೋದಾಗ ಎಲ್ಲ ಡಬ್ಬಿಗಳೂ ಕರಗಿದವು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸುವುದು ಸರಿಯಲ್ಲವೆಂದು ಎರಡೇ ದಿನಗಳಲ್ಲಿ ಸಾರು ಮಾಡಿ ಮುಗಿಸಿದೆವು. ಜುಲೈ ಅಳತೆಗೋಲಿನಲ್ಲಿ ಈ ವಿಧಾನ ಅಲ್ಲಿಗೇ ಸೋತಿತು. ಸುಲಿದ ಸಿಪ್ಪೆ ಮಾತ್ರ ವ್ಯರ್ಥವಾಗಲಿಲ್ಲ. ಅದನ್ನು ಒಂದೂವರೆ ದಿನ ಒಣಗಿಸಿ ಶೇಂಗಾ ಚಟ್ನಿಪುಡಿಯ ಜೊತೆ ಕುಟ್ಟಿದೆ.

ಮೂರನೆಯ ಪಾಲಿಗೆ ಬಿದ್ದವು ಮೆತ್ತನೆಯ, ಸೀಳಿದ ಹಣ್ಣುಗಳು, ಅಂದರೆ ಉಳಿದೆರಡು ವಿಧಾನಗಳಿಗೂ ಒಗ್ಗದವು. ಅವನ್ನು ಹೆಚ್ಚಿ, ದೊಡ್ಡ ಸ್ಟೀಲ್ ಕಡಾಯಿಯಲ್ಲಿ ಹನಿ ನೀರೂ ಹಾಕದೆ ಬೇಯಲಿಟ್ಟೆ. ಹುಳಿಯು ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುವುದರಿಂದ ಆ ಪಾತ್ರೆ ಬೇಡ. ಹಣ್ಣು ಬಿಟ್ಟ ಬಿಸಿ ರಸದಲ್ಲಿಯೇ 150 ಗ್ರಾಂ ಹುಣಸೆ ನೆನೆಸಿ ಕಿವುಚಿ ಹಾಕಿದೆ. ಟೊಮೆಟೊದ ಹುಳಿ ತಳಿಯಿಂದ ತಳಿಗೆ ಬದಲಾಗುತ್ತದೆ, ಹಣ್ಣು ಅತಿಯಾಗಿ ಮಾಗಿದಂತೆಲ್ಲ ಕಡಿಮೆಯಾಗುತ್ತದೆ. ಆದ್ದರಿಂದ ತೊಕ್ಕು ಕೆಡದಿರಲು ಹುಣಸೆ ರುಚಿಗೆ ಮಾತ್ರವಲ್ಲ, ಕಾವಲಿಗೂ ಬೇಕು. ರಸ ಇಂಗಿ ಕುದಿ ಸಿಡಿಯತೊಡಗಿದ ಮೇಲೆ ಉಪ್ಪು, ಬೆಲ್ಲ, ಹುರಿದು ಪುಡಿ ಮಾಡಿದ ಸಾಸಿವೆ ಮತ್ತು ಮೆಂತ್ಯ, ಬ್ಯಾಡಗಿ ಮೆಣಸಿನ ಪುಡಿ ಸೇರಿಸಿದೆ. ಬ್ಯಾಡಗಿಯ ಬಣ್ಣ ಗಾಢವಾದರೂ ಖಾರ ಕಡಿಮೆ, ಹಾಗಾಗಿ ಖಾರ ಬೇಕೆನ್ನುವವರು ಗುಂಟೂರು ಮೆಣಸನ್ನು ತುಸು ಬೆರೆಸಬೇಕು. ಕೊನೆಗೆ ಶೇಂಗಾ ಎಣ್ಣೆಯಲ್ಲಿ ಬಳ್ಳೊಳ್ಳಿಯನ್ನು ಕೆಂಪಗೆ ಹುರಿದ ಒಗ್ಗರಣೆ ಹಾಕಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುವವರೆಗೆ ಕೈಯಾಡಿಸಿದೆ. ಒಟ್ಟು ಎರಡೂಮುಕ್ಕಾಲು ಗಂಟೆ ಒಲೆಯ ಮುಂದೆ ನಿಲ್ಲಬೇಕಾಯಿತು. ಗ್ಯಾಸಿನ ಖರ್ಚು, ಅರ್ಧ ಲೀಟರಿಗೆ ಹತ್ತಿರ ಎಣ್ಣೆ, ಮೊಳಕೈಗೆ ಸಿಡಿದ ಬಿಸಿ ತೊಕ್ಕಿನ ಗುಳ್ಳೆಗಳು ಇವೆಲ್ಲ ಈ ವಿಧಾನದ ಬೆಲೆ. ದೊರೆತದ್ದು ಎರಡು ಕೆ.ಜಿ.ಗೆ ತುಸು ಕಡಿಮೆ.

ಕಟಕಟಿ ಜೋಳದ ರೊಟ್ಟಿ, ಮೊಸರು, ಈ ತೊಕ್ಕು ಇದ್ದರೆ ನಮ್ಮ ಮನೆಯಲ್ಲಿ ಬೇರೆ ಪಲ್ಯ ಯಾರೂ ಕೇಳಲಿಲ್ಲ. ರಾತ್ರಿ ಉಳಿದ ಅನ್ನಕ್ಕೆ ಎರಡು ಚಮಚ ಕಲಸಿದರೆ ಬೆಳಗಿನ ಉಪಾಹಾರವೂ ಆಯಿತು, ಅನ್ನವೂ ಉಳಿಯಿತು. ಉಳಿದ ಅನ್ನವನ್ನು ಮಾತ್ರ ರಾತ್ರಿಯಿಡೀ ಹೊರಗೆ ಬಿಡದೆ ಫ್ರಿಜ್ಜಿನಲ್ಲಿಡಬೇಕು. ಎರಡು ಭರಣಿಗಳಲ್ಲಿ ಒಂದಕ್ಕೆ ಯಾರೋ ಒದ್ದೆ ಚಮಚ ಹಾಕಿ ಮೇ ತಿಂಗಳಲ್ಲಿ ಬೂಷ್ಟು ಬಂದು ಅರ್ಧ ಕೆ.ಜಿ.ಯಷ್ಟನ್ನು ಚೆಲ್ಲಬೇಕಾದದ್ದು ನನಗೆ ಇಂದಿಗೂ ನೋವು. ಮುಟ್ಟದೆ ಇಟ್ಟ ಇನ್ನೊಂದು ಭರಣಿ ಜುಲೈ ದಾಟಿ ಆಗಸ್ಟ್ ಕಂಡಿತು.

ಒಣಗಿಸಿದ ಹೋಳುಗಳೂ ಜುಲೈಗೆ ತಲುಪಿದವು, ಆದರೆ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ಡಬ್ಬಿಯೊಳಗೆ ಮೆತ್ತಗಾಗಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಮುಚ್ಚಿಡಬೇಕಾಯಿತು. ಗದಗ ಕಡೆಯ ಒಣ ಹವೆಯಲ್ಲಿ ಇಷ್ಟು ಕಾಟ ಇರಲಿಕ್ಕಿಲ್ಲ. ಹೀಗಿದ್ದೂ, ಮಳೆಗಾಲದಲ್ಲಿ ಟೊಮೆಟೊದ ಜಾಗದಲ್ಲಿ ಟೊಮೆಟೊವಾಗಿಯೇ ನಿಂತದ್ದು ಈ ಹೋಳುಗಳೇ. ತೊಕ್ಕನ್ನು ಬೇಳೆಗೆ ಹಾಕಿದರೆ ಮೆಂತ್ಯ ಮತ್ತು ಬೆಲ್ಲದ ರುಚಿ ಮುಂದಾಗುತ್ತದೆ. ಒಂದನ್ನೇ ಆರಿಸು ಎಂದರೆ ನಾನು ತೊಕ್ಕನ್ನು ಆರಿಸುತ್ತೇನೆ, ಏಕೆಂದರೆ ಮಾರುಕಟ್ಟೆಯಲ್ಲಿ ಮೊದಲು ತಿರಸ್ಕೃತವಾಗುವ ಹಣ್ಣನ್ನು ಉಳಿಸಿದ್ದು ಅದೊಂದೇ.

ಆಗಸ್ಟಿನಲ್ಲಿ ಮಾವ ಬಂದಾಗ ಆ ಭರಣಿಯನ್ನೂ ಒಣ ಹೋಳುಗಳ ಡಬ್ಬಿಯನ್ನೂ ಮುಂದಿಟ್ಟೆ. ಆಗ ಅವರ ಮನೆಯಲ್ಲಿಯೇ ಟೊಮೆಟೊವನ್ನು ಸಂತೆಯಿಂದ ಕೊಂಡು ತರುತ್ತಿದ್ದರು. ಡಬ್ಬಿಯನ್ನು ಮೂಸಿ ನೋಡಿ, "ಇದು ನಮ್ಮ ಹೊಲದ್ದ ಏನವ್ವಾ?" ಎಂದರು. ಡಬ್ಬಿಯನ್ನು ಅವರ ಚೀಲಕ್ಕೇ ಹಾಕಿ ಕಳುಹಿಸಿದೆ.