ಟ್ರೆಂಟ್ ನಿರ್ಣಯಗಳೋ, ಗಿರಣಿಯವನ ಕೇಸೋ?

16ನೇ ಶತಮಾನದ ಕ್ಯಾಥೊಲಿಕ್ ಜನರ ಬಗ್ಗೆ ಓದಬೇಕು, ಯಾವ ಪುಸ್ತಕ ಕೊಳ್ಳೋದು? ಕಣ್ಣು ಮುಚ್ಚಿಕೊಂಡು ಕಾರ್ಲೊ ಗಿಂಜ್‌ಬರ್ಗ್ ಅವರ ‘ದ ಚೀಸ್ ಅಂಡ್ ದ ವರ್ಮ್ಸ್’ ತಗೊಳ್ಳಿ. ಕಾರಣ ಆಮೇಲೆ ಹೇಳುತ್ತೇನೆ.

ನಾನು ಮೊದಲು ತರಿಸಿದ್ದು ಟ್ರೆಂಟ್ ಮಹಾಸಭೆಯ (ಕ್ಯಾಥೊಲಿಕ್ ಬಿಷಪ್ಪರು ಸೇರಿ ಚರ್ಚಿನ ನಿಯಮ ಮಾಡಿದ ಸಭೆ, 1545–1563) ನಿರ್ಣಯಗಳ ಇಂಗ್ಲಿಷ್ ಅನುವಾದ. ಅಗ್ಗದ ರೀಪ್ರಿಂಟ್. ಹಳೇ ಪ್ರತಿಯನ್ನು ಸ್ಕ್ಯಾನ್ ಮಾಡಿ ಹೊಡೆದದ್ದು, ಅಡಿಟಿಪ್ಪಣಿಗಳೆಲ್ಲ ಸಾಲಿನ ಮಧ್ಯಕ್ಕೇ ನುಗ್ಗಿವೆ. ಅದನ್ನಾದರೂ ಸಹಿಸಬಹುದು.

ಅಸಲಿ ಕಿರಿಕಿರಿ ಬೇರೆ. 1563ರ ಮದುವೆ ನಿರ್ಣಯವನ್ನೇ ನೋಡಿ. ಇಂಥವರ ಮದುವೆ ಅಂತ ಚರ್ಚಿನಲ್ಲಿ ಮೊದಲೇ ಮೂರು ಸಲ ಸಾರಬೇಕು. ಪಾದ್ರಿ ಮತ್ತು ಎರಡು-ಮೂರು ಸಾಕ್ಷಿಗಳ ಎದುರಿಗೆ ಆಗದಿದ್ದರೆ ಅದು ಮದುವೆಯೇ ಅಲ್ಲ. ಕಟ್ಟುನಿಟ್ಟು ಅಂದರೆ ಇದು ಅಂದುಕೊಂಡೆ. ಕೊನೆಗೆ ಬಂದರೆ ಇನ್ನೊಂದು ಮಾತು: ಆಯಾ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಊರು) ಇದನ್ನು ಮೊದಲ ಸಲ ಪ್ರಕಟಿಸಿ 30 ದಿನ ಆದಮೇಲಷ್ಟೇ ಜಾರಿ!

ಅಂದರೆ ಪ್ರಕಟಿಸದ ಊರಲ್ಲಿ ಗುಟ್ಟಿನ ಮದುವೆಯೂ ಊರ್ಜಿತವೇ. ಹಾಗಾದರೆ ಎಲ್ಲೆಲ್ಲಿ ಓದಿ ಹೇಳಿದರು? ಜನ ಕೇಳಿದರಾ? ಈ ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ. ಬಿಷಪ್ಪರ ತಪಾಸಣೆ ವರದಿ, ಮದುವೆ ರಿಜಿಸ್ಟರ್, ಚರ್ಚ್ ಕೋರ್ಟಿನ ಕಾಗದಗಳನ್ನೇ ನೋಡಬೇಕು. ಇತಿಹಾಸಕಾರರು ಹಳ್ಳಿ ಚರ್ಚುಗಳ ಕಡತ ಬಿಚ್ಚಿ ಕೂತಿದ್ದು ಸುಮ್ನೆ ಅಲ್ಲ.

ಇನ್ನೊಂದು ಪುಸ್ತಕ ‘ದ ವರ್ಲ್ಡ್ ಆಫ್ ಕ್ಯಾಥೊಲಿಕ್ ರಿನ್ಯೂವಲ್’. ಅದು ಕ್ಯಾಥೊಲಿಕ್ ಚರ್ಚಿನ 1540ರಿಂದ 1770ರವರೆಗಿನ ಇಡೀ ಕಥೆ, ಚೀನಾದ ಮಿಷನ್‌ಗಳೂ ಸೇರಿ. ಪರೀಕ್ಷೆಗೆ ಓದುವವರಿಗೆ ಸರಿ. ಲೈಬ್ರರಿಯಲ್ಲಿ ಸಿಕ್ಕರೆ ಸಾಕು.

ಇನ್ನು ಗಿಂಜ್‌ಬರ್ಗ್ ಪುಸ್ತಕ. ಅದು ಇಂಥ ಕೋರ್ಟ್ ಕಡತಗಳಿಂದಲೇ ಹುಟ್ಟಿದ್ದು. ಇಟಲಿಯ ಫ್ರಿಯೂಲಿ ಸೀಮೆಯ ಗಿರಣಿಯವನು ಮೆನೊಕ್ಕಿಯೊ. ಹಾಲಿನಿಂದ ಚೀಸ್ ಗಟ್ಟಿಯಾದ ಹಾಗೆ ಲೋಕ ಗಟ್ಟಿಯಾಯಿತು, ಅದರಲ್ಲಿ ಹುಳು ಹುಟ್ಟಿದವು, ಅವೇ ದೇವದೂತರು ಅಂತ ಇನ್ಕ್ವಿಸಿಷನ್ (ಧರ್ಮಕ್ಕೆ ವಿರುದ್ಧ ನಂಬಿಕೆಯವರನ್ನು ವಿಚಾರಿಸುವ ಚರ್ಚ್ ಕೋರ್ಟು) ವಿಚಾರಣೆಯಲ್ಲಿ ಹೇಳಿದವನು. 1584ರಲ್ಲಿ ಶಿಕ್ಷೆ, ಬಿಡುಗಡೆ, 1599ರಲ್ಲಿ ಮತ್ತೆ ಕೇಸು, ಆಮೇಲೆ ಮರಣದಂಡನೆ. ಚಿತ್ರಹಿಂಸೆಯಲ್ಲಿ ಅವನು ಯೇಸುವನ್ನು ಕೂಗಿದ್ದನ್ನೂ ಗುಮಾಸ್ತ ಬರೆದಿಟ್ಟಿದ್ದಾನೆ. ಕೊಲ್ಲಲು ಮಾಡಿದ ಕಡತದಲ್ಲೇ ಅವನ ಮಾತು ಉಳಿದಿದೆ, ವಿಚಿತ್ರ ಅಲ್ವಾ?

ಒಬ್ಬ ಗಿರಣಿಯವನಿಂದ ಊರೆಲ್ಲ ಹೀಗೇ ಯೋಚಿಸುತ್ತಿತ್ತು ಅನ್ನೋಕಾಗಲ್ಲ, ನಿಜ. ಇಂಥ ಕಡತ ಎಲ್ಲ ಕಡೆ ಸಿಗೋದೂ ಇಲ್ಲ. ನಮ್ಮ ಪಕ್ಕದ ಗೋವಾದ ಇನ್ಕ್ವಿಸಿಷನ್ ಕೇಸುಗಳಲ್ಲಿ ಬಹುಪಾಲು ಸುಟ್ಟೇ ಹೋದವು.

ಆದರೂ ಬಸ್ಸಿನಲ್ಲಿ ಓದುವ ನನ್ನಂಥವರಿಗೆ ಇದರ ಪುಟ್ಟ ಪುಟ್ಟ ಅಧ್ಯಾಯಗಳೇ ಅನುಕೂಲ. ದುಡ್ಡು ಜಾಸ್ತಿ ಅನಿಸಿದರೆ ಸೆಕೆಂಡ್ ಹ್ಯಾಂಡ್ ಪ್ರತಿ ಹುಡುಕಿ. ಟ್ರೆಂಟ್ ನಿರ್ಣಯಗಳ ಹಳೇ ಅನುವಾದ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ, ರೀಪ್ರಿಂಟಿಗೆ ದುಡ್ಡು ಸುರಿಯಬೇಡಿ.