ಮಟಿಲ್ಡಾ, ಮಾರ್ಷಲ್, ನಿಕೋಲಾ: ಕಾದಂಬರಿಗೆ ಯಾರನ್ನು ಹಿಡಿಯಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿಕೋಲಾಗೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ನಿಜವಾಗಿ ಬಾಳಿದ ಒಬ್ಬರ ಮೇಲೆ ಕನ್ನಡದಲ್ಲಿ ಕಾದಂಬರಿ ಬರೆಯಬೇಕು ಅಂತ ಕೂತು ನಾಲ್ಕು ವರ್ಷವಾಯಿತು. ಅದರಲ್ಲಿ ಎರಡೂವರೆ ವರ್ಷ ತಪ್ಪು ಆಯ್ಕೆಗಳಲ್ಲೇ ಹೋಯಿತು. ಮೊದಲು ಚಕ್ರವರ್ತಿನಿ ಮಟಿಲ್ಡಾ, ಆಮೇಲೆ ಹೆಸರಾಂತ ಯೋಧ ವಿಲಿಯಂ ಮಾರ್ಷಲ್, ಕೊನೆಗೆ ಲಿಂಕನ್ ಕೋಟೆಯ ನಿಕೋಲಾ ಡಿ ಲಾ ಹೇ. ಮೂವರ ಮೇಲೂ ನೂರು ನೂರು ಪುಟ ಬರೆದಿದ್ದೇನೆ. ಇದೇ ಹಾದಿ ಹಿಡಿದವರಿಗೆ ಉಪಯೋಗವಾಗಲಿ ಅಂತ ಹೇಳುತ್ತಿದ್ದೇನೆ. ಯುದ್ಧ, ಬಟ್ಟೆ, ಊಟದ ವಿವರ ಮೂವರಿಗೂ ಹೆಚ್ಚುಕಡಿಮೆ ಒಂದೇ ಥರ ಸಿಗುತ್ತದೆ, ಅದನ್ನು ಬಿಡುತ್ತೇನೆ.

ಕಥೆ ಅಂತ ನೋಡಿದರೆ ಮಟಿಲ್ಡಾಳದೇ ದೊಡ್ಡದು. 1120ರಲ್ಲಿ ವೈಟ್ ಶಿಪ್ ಅನ್ನುವ ಹಡಗು ಮುಳುಗಿ ತಮ್ಮ ಸತ್ತ. ಅಪ್ಪ ಮೊದಲನೇ ಹೆನ್ರಿ ಮಗಳಿಗೇ ರಾಜ್ಯ ಅಂತ ಸಾಮಂತರಿಂದ ಆಣೆ ಮಾಡಿಸಿದ. 1135ರ ಡಿಸೆಂಬರ್ 1ಕ್ಕೆ ಅವನು ತೀರಿಕೊಂಡ. ಮೂರೇ ವಾರದಲ್ಲಿ ಅವನ ನಂಟ ಸ್ಟೀಫನ್ ಸಮುದ್ರ ದಾಟಿ ಬಂದು ಕಿರೀಟ ಹಾಕಿಕೊಂಡುಬಿಟ್ಟ. 1142ರ ಚಳಿಗಾಲದಲ್ಲಿ ಸ್ಟೀಫನ್ನನ ಮುತ್ತಿಗೆ ಬಿದ್ದಿದ್ದ ಆಕ್ಸ್‌ಫರ್ಡ್ ಕೋಟೆಯಿಂದ ಮಟಿಲ್ಡಾ ಬಿಳಿ ಬಟ್ಟೆ ಹೊದ್ದು, ಹಿಮದ ಮೇಲೆ ನಡೆದು ತಪ್ಪಿಸಿಕೊಂಡಳು. ಆ ಒಂದು ದೃಶ್ಯಕ್ಕೇ ನಾನು ಬಿದ್ದುಹೋದೆ.

ಆದರೆ ಎಡವಿದ್ದು ಎಲ್ಲಿ ಗೊತ್ತಾ? ನಂಟಸ್ತಿಕೆಯಲ್ಲಿ.

ಇಂಗ್ಲಿಷ್ ಪುಸ್ತಕಗಳಲ್ಲಿ ಸ್ಟೀಫನ್ ಮಟಿಲ್ಡಾಳಿಗೆ ಕಸಿನ್. ಅಷ್ಟಕ್ಕೇ ಮುಗಿಯಿತು. ಕನ್ನಡದಲ್ಲಿ ಅಷ್ಟಕ್ಕೆ ಬಿಡಲು ಆಗುತ್ತಾ? ಸ್ಟೀಫನ್ನನ ತಾಯಿ ಅಡೆಲಾ, ಹೆನ್ರಿಯ ಒಡಹುಟ್ಟಿದವಳು. ಅಂದರೆ ಸ್ಟೀಫನ್ ಮಟಿಲ್ಡಾಳಿಗೆ ಸೋದರತ್ತೆಯ ಮಗ. ಹಾಗಂತಲೇ ಬರೆದೆ. ಮೊದಲ ಮೂರು ಅಧ್ಯಾಯ ಓದಿದ ನಮ್ಮಕ್ಕ ಶಿವಮೊಗ್ಗದಿಂದ ಫೋನ್ ಮಾಡಿ, "ಅಲ್ವೋ, ಅತ್ತೆ ಮಗ ಅಂತೀಯ, ವರಸೆ ಕೂಡಿ ಬರುತ್ತೆ. ಇಬ್ಬರಿಗೂ ಮದುವೆ ಮಾಡಿದ್ದಿದ್ರೆ ಈ ಜಗಳನೇ ಇರ್ತಿರ್ಲಿಲ್ವಲ್ಲ?" ಅಂದಳು. ತಪ್ಪು ಅವಳದಲ್ಲ. ಅತ್ತೆ ಮಗ ಅಂದ ಕೂಡಲೇ ನಮ್ಮ ಕಡೆಯ ಓದುಗರ ಮನಸ್ಸು ಹೋಗುವುದೇ ಅಲ್ಲಿಗೆ. ಅಲ್ಲಿನ ಚರ್ಚಿನ ಲೆಕ್ಕ ಬೇರೆ. ಆಗ ಏಳು ತಲೆಮಾರಿನವರೆಗೆ ರಕ್ತಸಂಬಂಧ ಇದ್ದರೆ ಮದುವೆ ಕೂಡದು, 1215ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದರು. ಇದನ್ನೆಲ್ಲ ಕಥೆಯೊಳಗೆ ವಿವರಿಸಲು ಹೋದರೆ ಕಥೆ ನಿಂತುಹೋಗುತ್ತದೆ, ವಿವರಿಸದಿದ್ದರೆ ಓದುಗರು ಮದುವೆ ಮಾತು ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾರೆ.

ಸರಿ, ದಾಯಾದಿ ಅನ್ನೋಣ ಅಂದುಕೊಂಡೆ. ರಾಜ್ಯಕ್ಕಾಗಿ ಮನೆಯವರೇ ಹೊಡೆದಾಡಿದರೆ ನಮಗೆ ಮೊದಲು ಬಾಯಿಗೆ ಬರುವ ಪದ ಅದೇ ತಾನೇ? ಆದರೆ ಅದೂ ಕೂರಲಿಲ್ಲ. ದಾಯಾದಿ ಗಂಡಸರ ಕಡೆಯಿಂದ ಬಂದ ಪಾಲುದಾರ. ಸ್ಟೀಫನ್ನನ ಹಕ್ಕು ಬಂದಿದ್ದು ಅವನ ತಾಯಿಯಿಂದ. ಅವನ ಎದುರಾಳಿಯೂ ಹೆಣ್ಣು. ಆ ಯುದ್ಧದ ತಿರುಳೇ ಅದು, ದಾಯಾದಿ ಅಂದುಬಿಟ್ಟರೆ ತಿರುಳೇ ಮುಚ್ಚಿಹೋಗುತ್ತದೆ. ಬಂಧು ಅಂದರೆ ಸಪ್ಪೆ. ಹನ್ನೆರಡನೇ ಶತಮಾನದ ರಾಣಿಯ ಬಾಯಲ್ಲಿ ಕಸಿನ್ ಅನ್ನಿಸಿದರೆ ಅಪಾರ್ಟ್‌ಮೆಂಟ್ ಮಾತಿನ ಹಾಗೆ ಕೇಳುತ್ತದೆ.

ಇನ್ನೂ ಇದೆ. ಸ್ಟೀಫನ್ನನ ಹೆಂಡತಿಯ ಹೆಸರೂ ಮಟಿಲ್ಡಾ. ಇವಳ ತಾಯಿ ಮತ್ತು ಚಕ್ರವರ್ತಿನಿಯ ತಾಯಿ ಸ್ಕಾಟ್ಲೆಂಡಿನ ಅಕ್ಕತಂಗಿಯರು. ಚಕ್ರವರ್ತಿನಿಯ ಆ ತಾಯಿಯ ಹೆಸರೂ ಮಟಿಲ್ಡಾನೇ! ಅಕ್ಕತಂಗಿಯರ ಮಕ್ಕಳು ನಮ್ಮಲ್ಲಿ ಅಕ್ಕತಂಗಿಯರೇ ಅಲ್ವಾ. ಹಾಗಾಗಿ ಕನ್ನಡದಲ್ಲಿ ಬರೆದ ತಕ್ಷಣ ಇದು ಒಬ್ಬನೇ ಸೋದರಮಾವನನ್ನು ಹಂಚಿಕೊಂಡ ಇಬ್ಬರು ಅಕ್ಕತಂಗಿಯರ ಯುದ್ಧವಾಗಿಬಿಡುತ್ತದೆ. ಆ ಮಾವ ಸ್ಕಾಟ್ಲೆಂಡಿನ ರಾಜ ಡೇವಿಡ್. ಒಳ್ಳೆಯ ಬರಹಗಾರರ ಕೈಯಲ್ಲಿ ಇದೇ ಚಿನ್ನವಾಗಬಹುದು, ನಿಜ. ನನಗೆ ಮಾತ್ರ ಪ್ರತಿ ಸಂಭಾಷಣೆಗೂ ಗೋಡೆಗೆ ಅಂಟಿಸಿದ ವಂಶವೃಕ್ಷ ನೋಡುವುದೇ ಕೆಲಸವಾಯಿತು. ನೂರಾಹತ್ತನೇ ಪುಟದಲ್ಲಿ ಕೈಬಿಟ್ಟೆ.

ವಿಲಿಯಂ ಮಾರ್ಷಲ್‌ದು ಇದರ ಉಲ್ಟಾ. ಎಲ್ಲವೂ ಸಿಗುತ್ತದೆ, ಅದೇ ತೊಂದರೆ. 1219ರಲ್ಲಿ ಅವನು ಸತ್ತ ಮೇಲೆ ದೊಡ್ಡ ಮಗ ಹಳೆಯ ಫ್ರೆಂಚಿನಲ್ಲಿ ಅಪ್ಪನ ಜೀವನಚರಿತ್ರೆಯನ್ನು ಪದ್ಯವಾಗಿ ಬರೆಸಿದ. 19,214 ಸಾಲು. ಉಳಿದಿರುವುದು ಒಂದೇ ಹಸ್ತಪ್ರತಿ, ಈಗ ನ್ಯೂಯಾರ್ಕಿನಲ್ಲಿದೆ. ಪಕ್ಕದಲ್ಲೇ ಇಂಗ್ಲಿಷ್ ಅನುವಾದ ಇರುವ ಮುದ್ರಣ ಮೂರು ಸಂಪುಟ. ಅವನ್ನು ಕೊಂಡಾಗ ನನ್ನ ಐದು ತಿಂಗಳ ಪುಸ್ತಕದ ದುಡ್ಡು ಒಂದೇ ಏಟಿಗೆ ಹೋಯಿತು. ಓದಲು ಅದ್ಭುತವಾಗಿದೆ. 1152ರಲ್ಲಿ ಐದಾರು ವರ್ಷದ ವಿಲಿಯಂ ಸ್ಟೀಫನ್ನನ ಬಳಿ ಒತ್ತೆಯಾಳು. ಅಪ್ಪ ಮಾತಿಗೆ ತಪ್ಪಿದ. ಮಗನನ್ನು ನೇಣಿಗೆ ಹಾಕುತ್ತೇವೆ ಅಂದರೆ, ಇವನಿಗಿಂತ ಒಳ್ಳೆಯ ಮಕ್ಕಳನ್ನು ಮಾಡಿಕೊಳ್ಳಲು ಸುತ್ತಿಗೆ, ಅಡಿಗಲ್ಲು ನನ್ನ ಹತ್ತಿರ ಇವೆ ಅಂದನಂತೆ.

ಇಂಥ ಮಾತು ಆಗಲೇ ಇರುವಾಗ ನಾನು ಏನು ಸೇರಿಸಲಿ? ಬದಲಾಯಿಸಿದರೆ ಕೆಡಿಸಿದ ಹಾಗೆ, ಬದಲಾಯಿಸದಿದ್ದರೆ ನಕಲು. ಮಗನ ದುಡ್ಡಿನಲ್ಲಿ ಬರೆದದ್ದಾದ್ದರಿಂದ ಅಪ್ಪ ಅಳುಕಿದ, ತಪ್ಪಿದ ಜಾಗಗಳನ್ನು ಹುಡುಕುವುದೂ ಕಷ್ಟ. ಎಂಟು ತಿಂಗಳು ನಾನು ಮಾಡಿದ್ದು ಅನುವಾದವೇ.

ನಡುವೆ ರಾಜಕುಮಾರನೊಬ್ಬನ ಪ್ರೇಯಸಿ ಕ್ಯಾಥರಿನ್ ಸ್ವಿನ್‌ಫರ್ಡ್‌ಳನ್ನೂ ಹತ್ತು ಪುಟ ನೋಡಿದೆ. ಪ್ರೇಮಕಥೆ ನನ್ನ ಕೈಗೆ ಒಗ್ಗುವುದಿಲ್ಲ, ಅಷ್ಟೇ.

ನಿಕೋಲಾ ಸಿಕ್ಕಿದ್ದು ಮಾರ್ಷಲ್‌ನ ಪದ್ಯದಲ್ಲೇ. 1217ರ ಮೇ 20ರಂದು ಎಪ್ಪತ್ತರ ಆಸುಪಾಸಿನ ಮಾರ್ಷಲ್ ರಾಜನ ಪರವಾಗಿ ಲಿಂಕನ್ ಊರಿಗೆ ನುಗ್ಗಿ ಫ್ರೆಂಚರನ್ನು, ಅವರ ಜೊತೆಗಿದ್ದ ಬಂಡಾಯದ ಸಾಮಂತರನ್ನು ಓಡಿಸುತ್ತಾನೆ. ಅವನು ಬರುವವರೆಗೂ ಕೋಟೆಯನ್ನು ಬಿಟ್ಟುಕೊಡದೆ ಹಿಡಿದುಕೊಂಡಿದ್ದವಳು ಅರವತ್ತು ದಾಟಿದ ವಿಧವೆ. ಆಕೆಗೆ ಪದ್ಯದಲ್ಲಿ ಕೆಲವೇ ಸಾಲು. ಅಲ್ಲಿ ಆಕೆ ಒಳ್ಳೆಯ ಹೆಂಗಸು. ಅದೇ ಕಾಲದ ಇನ್ನೊಬ್ಬ ಫ್ರೆಂಚ್ ಚರಿತ್ರೆಕಾರನಿಗೆ ಆಕೆ ಕಪಟಿ, ಕೆಟ್ಟ ಮನಸ್ಸಿನ ಗಟ್ಟಿ ಮುದುಕಿ. ಅದಕ್ಕೂ ಹಿಂದೆ, 1191ರಲ್ಲಿ ಗಂಡ ಊರಲ್ಲಿಲ್ಲದಾಗ ಆಕೆ ಇದೇ ಕೋಟೆಯನ್ನು ಒಂದು ಮುತ್ತಿಗೆಯಿಂದ ಉಳಿಸಿದ್ದಳು. ಆಗ ಒಬ್ಬ ಸನ್ಯಾಸಿ, ಹೆಣ್ಣಿನ ಹಾಗೆ ಯೋಚಿಸದೆ ಗಂಡಸಿನ ಹಾಗೆ ಕಾಪಾಡಿದಳು ಅಂತ ಬರೆದ. ಇಷ್ಟು ಗೂಟ ಹೊಡೆದಿದ್ದಾರೆ, ನಡುವಿನ ಜಾಗವೆಲ್ಲ ನನ್ನದು.

ಮತ್ತೆ ನಂಟಸ್ತಿಕೆ ನೋಡಿ. ಗೆದ್ದ ನಾಲ್ಕೇ ದಿನಕ್ಕೆ ಆಕೆಯಿಂದ ಅಧಿಕಾರ ಕಿತ್ತು ಸಾಲ್ಸ್‌ಬರಿಯ ಅರ್ಲ್ ವಿಲಿಯಂ ಲಾಂಗೆಸ್ಪೇಗೆ ಕೊಟ್ಟರು. ಹಿಂದಿನ ವರ್ಷ ಫ್ರೆಂಚರ ಕಡೆ ಹಾರಿ ವಾಪಸ್ ಬಂದಿದ್ದವನು. ಅವನ ಮಗನಿಗೆ ಮದುವೆಗೆ ಗೊತ್ತು ಮಾಡಿದ್ದ ಹುಡುಗಿ ನಿಕೋಲಾಳ ಮೊಮ್ಮಗಳು ಐಡೋನಿಯಾ. ಇಂಗ್ಲಿಷಿನಲ್ಲಿ ಈ ಸಂಬಂಧಕ್ಕೆ ಒಂದು ಪದವೂ ಇಲ್ಲ. ನಮಗೆ ಇದೆ, ಬೀಗರು. ಕೋಟೆಯ ಬೀಗದ ಕೈ ಬೀಗರ ಕೈಗೆ! ಮಟಿಲ್ಡಾಳ ಹತ್ತಿರ ಕಾಲಿಗೆ ತೊಡರಿದ ಅದೇ ಕನ್ನಡ ಇಲ್ಲಿ ಎರಡು ಅಧ್ಯಾಯ ತಾನಾಗೇ ಬರೆಸಿತು. ಆಕೆ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಕೋಟೆಯನ್ನು ವಾಪಸ್ ಪಡೆದಳು.

ಕಷ್ಟ ಇಲ್ಲ ಅಂತಲ್ಲ. ಗೆದ್ದ ಸೈನ್ಯ ಆ ದಿನ ಊರನ್ನು, ಕೆಥೀಡ್ರಲನ್ನೂ ದೋಚಿತು. ಮಕ್ಕಳು ಸಾಮಾನು ಸಮೇತ ಹೆಂಗಸರು ದೋಣಿ ಹತ್ತಿ ಓಡಲು ಹೋಗಿ ಮುಳುಗಿದರು. ಕೋಟೆಯ ಗೋಡೆಯ ಮೇಲೆ ನಿಂತ ನಿಕೋಲಾಳಿಗೆ ಏನನ್ನಿಸಿತು ಅನ್ನುವ ಪುಟ ಇನ್ನೂ ನನಗೆ ಒಲಿದಿಲ್ಲ.

ನನ್ನ ಅಭ್ಯಾಸಕ್ಕೂ ಜೇಬಿಗೂ ಇದೇ ಸರಿ. ಬೆಳಿಗ್ಗೆ ಐದರಿಂದ ಆರೂವರೆ, ನನಗೆ ಬರೆಯಲು ಸಿಗುವುದು ಅಷ್ಟೇ ಹೊತ್ತು. ನಿಕೋಲಾ ಬಗ್ಗೆ ಇರುವ ಮೂಲ ಸಾಮಗ್ರಿಯೆಲ್ಲ ಒಂದು ತೆಳು ಫೈಲಿನಲ್ಲಿ ಹಿಡಿಯುತ್ತದೆ. ನಾನಿರುವ ನಾಟಿಂಗ್‌ಹ್ಯಾಮಿನಿಂದ ಲಿಂಕನ್‌ಗೆ ರೈಲಿದೆ. ದಾರಿಯಲ್ಲೇ ನ್ಯೂವಾರ್ಕ್. 1216ರ ಅಕ್ಟೋಬರ್‌ನಲ್ಲಿ ಜಾನ್ ರಾಜ ಸತ್ತಿದ್ದು ಅಲ್ಲಿನ ಕೋಟೆಯಲ್ಲಿ, ನಿಕೋಲಾಳನ್ನು ಲಿಂಕನ್‌ಶೈರಿನ ಶೆರಿಫ್, ಅಂದರೆ ಆ ಜಿಲ್ಲೆಗೆ ರಾಜನ ಅಧಿಕಾರಿ, ಮಾಡಿದ್ದೂ ಆ ಕೊನೆಯ ಗಳಿಗೆಯಲ್ಲೇ. ನೀವು ದಿನವಿಡೀ ಓದಬಲ್ಲವರಾದರೆ, ದೊಡ್ಡ ಲೈಬ್ರರಿ ಹತ್ತಿರ ಇದ್ದರೆ ಮಟಿಲ್ಡಾ ಬರೆಯಿರಿ, ಖಂಡಿತ ಕೊಂಡು ಓದುತ್ತೇನೆ.

ಸಾಯುವ ಮುಂಚೆ ಜಾನ್ ಲಿಂಕನ್‌ಗೆ ಬಂದಿದ್ದ. ಆಗ ನಿಕೋಲಾ ಕೋಟೆಯ ಪೂರ್ವದ ಬಾಗಿಲಿನಿಂದ ಬೀಗದ ಕೈ ಹಿಡಿದು ಹೊರಬಂದು, ವಯಸ್ಸಾಯಿತು, ಇನ್ನು ನನ್ನಿಂದಾಗದು ಅಂದಳಂತೆ. ಅವನು ತೆಗೆದುಕೊಳ್ಳಲಿಲ್ಲ. ಸುಮಾರು ಅರವತ್ತು ವರ್ಷದ ನಂತರದ ವಿಚಾರಣೆಯೊಂದರಲ್ಲಿ ಊರಿನವರು ಇದನ್ನು ನೆನೆದು ಹೇಳಿ ಬರೆಸಿದ್ದಾರೆ. ನಾನೂ ಹೋಗಿ ಆ ಬಾಗಿಲಲ್ಲಿ ನಿಂತೆ. ಎದುರಿಗೇ ಕೆಥೀಡ್ರಲ್. ಅದರ ನಡುಗೋಪುರ ನೋಡಿ ಒಂದು ಚಂದದ ಸಾಲು ಬರೆದುಕೊಂಡೆ, ಆಮೇಲೆ ಹೊಡೆದು ಹಾಕಿದೆ. ಆಗಿನ ಗೋಪುರ 1237ರಲ್ಲಿ ಕುಸಿದಿತ್ತು, ಈಗ ಕಾಣುವುದು ಆಮೇಲಿನದು. ಜಾನ್ ಆಕೆಗೆ ನೀನು ಅನ್ನಬೇಕಾ, ನೀವು ಅನ್ನಬೇಕಾ ಅಂತ ಎರಡು ವಾರ ಒದ್ದಾಡಿದ್ದೇನೆ. ಅವನು ರಾಜ, ಆಕೆ ಅವನಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಸದ್ಯಕ್ಕೆ ಜನರ ಎದುರು ನೀನು ಅನ್ನುತ್ತಾನೆ. ಬೀಗದ ಕೈಯನ್ನು ಆಕೆಯ ಕೈಗೇ ತಳ್ಳುವಾಗ ಮಾತ್ರ ದನಿ ತಗ್ಗಿಸಿ, "ನೀವೇ ಇಟ್ಟುಕೊಳ್ಳಿ" ಅನ್ನುತ್ತಾನೆ.